ಸುರುಳಿ ಅಕ್ಷರ

ಶಾರ್ಜಾದಿಂದ ಬಂದ ಭಾವನ ಪೆಟ್ಟಿಗೆಯಲ್ಲಿ
ಹಾಲಿನ ಪುಡಿ, ಪಿಸ್ತಾ, ಕೊಡಲಿ ಗುರುತಿನ ಎಣ್ಣೆ,
ಎಲ್ಲದರ ಅಡಿಯಲ್ಲಿ ಚಪ್ಪಟೆ ಮಲಗಿತ್ತು
ಕಪ್ಪು ಹಾಳೆಗಳ ಒಂದು ಕಟ್ಟು.
'ತಿನ್ನುವುದಂತೆ' ಎಂದಳು ಮಿಸ್ರಿಯಾ,
ಎಕ್ಸ್‌ರೇ ಹಾಗೆ ಅದನ್ನು ಬೆಳಕಿಗೆ ಹಿಡಿದು.

ಪೊಟ್ಟಣದ ಮೇಲೆ ಏನು ಬರೆದಿದೆಯೋ.
ನನಗೂ ಪದ್ಮಾಕರನಿಗೂ ಅದು ಹೊಸತಲ್ಲ.
ಬಸ್ಸಿನ ಬೋರ್ಡು ಓದಲು ಬಾರದೆ
ಬಣ್ಣ ನೋಡಿ ಹತ್ತಿದವರು ನಾವು,
ಕರೆಂಟು ಬಿಲ್ಲಿನ ಅಂಕಿ ಮಾತ್ರ ಓದಿ
ಉಳಿದದ್ದಕ್ಕೆ ತಲೆಯಾಡಿಸಿದವರು.
ಕುಂಬಳೆಯಲ್ಲಿ ಹದಿನೆಂಟು ವರ್ಷ ಕನ್ನಡ ಕಲಿಸಿದ ನಾನು
ಅರ್ಜಿ ಬರೆಸಲು ಜೆರಾಕ್ಸ್ ಅಂಗಡಿಯಲ್ಲಿ
ನನ್ನದೇ ಹಳೆ ವಿದ್ಯಾರ್ಥಿಯ ಮುಂದೆ ನಿಂತವಳು.

ಮೊದಲು ಕುಚ್ಚಲಕ್ಕಿ ಬೇಯಿಸಿದೆವು.
ಕಾಳಿಗೆ ಕಾಳು ಮುಖ ಕೊಡಲಿಲ್ಲ,
ಪಾಲಾದ ಅಣ್ಣತಮ್ಮಂದಿರ ಹಾಗೆ.
ನೆಯ್ಚೋರಿನ ಸಪೂರ ಅಕ್ಕಿ ಉದುರಿ ಹೋಯಿತು.
ಗೆದ್ದದ್ದು ಕೊನೆಗೆ ರೇಷನಿನ ಬೆಳ್ತಿಗೆ,
'ಬರೀ ಅಂಟು' ಎಂದು ತಿಂಗಳು ತಿಂಗಳೂ ಬೈದು
ಹೊತ್ತು ತಂದ ಅದೇ ಅಕ್ಕಿ.
ಬೇಳದ ಲಿಲ್ಲಿ ಕ್ರಾಸ್ತಾ ಮನೆಯ ಕಳ್ಳಿನ ವಿನೆಗರ್ ಚಿಮುಕಿಸಿದಳು.
ನಾನು ಹಳೇ ಹಾಜರಿ ಪುಸ್ತಕದಿಂದ ಗಾಳಿ ಹಾಕಿದೆ.

ಮೀನಿನ ಕಲ್ಯಾಣಿಯಕ್ಕ ಬುಟ್ಟಿ ಇಳಿಸಿ ಕೇಳಿದ್ದಳು:
'ಪಜಿಯೇ ತಿನ್ಪರಾ?'
ನಮ್ಮಲ್ಲಿ ಗ್ಯಾಸು ಮುಗಿದಿದೆ ಎಂದುಕೊಂಡೋ ಏನೋ
ಕನಿಕರದಿಂದ ಎರಡು ಬಂಗುಡೆ ಹೆಚ್ಚಿಗೆ ಹಾಕಿದಳು.
ಉಪ್ಪಿನಲ್ಲಿ ಒಂದು ಗಂಟೆ, ಹುಳಿಯಲ್ಲಿ ಅರ್ಧ,
ಮಾಂಸ ಬಿಳಿಚಿತು; ಬೆನ್ನಿನ ನೀಲಿ ಮಾತ್ರ
ಬಿಟ್ಟುಕೊಡಲಿಲ್ಲ.

ಸುತ್ತಲು ಚಾಪೆ ಬೇಕಲ್ಲ?
ಗೋಡೆಯಿಂದ ಇಳಿಯಿತು ಬಿದಿರ ಕಡ್ಡಿಯ ಚಿತ್ರ:
ಒಂದು ತೆಂಗು, ಒಂದು ದೋಣಿ, ಮುಳುಗುವ ಸೂರ್ಯ.
ತೊಳೆದು, ಬೆನ್ನು ಮೇಲೆ ಮಾಡಿ,
ಹಾಳೆ ಹಾಸಿ, ಅನ್ನ ಹರಡಿ, ಮೀನಿಟ್ಟು, ಜೀರಿಗೆ ಮೆಣಸು ತೀಡಿ
ಸೂರ್ಯನ ಕಡೆಯಿಂದ ಮಡಚುತ್ತ ಬಂದೆವು.
ಮೊದಲನೆಯದು ಒಡೆಯಿತು. ಎರಡನೆಯದು
ನಡುವಿಗೆ ಬಂದಾಗ ಲಿಲ್ಲಿ ನಕ್ಕಳು, ಅದೂ ಹೋಯಿತು.

ಪದ್ಮಾಕರ ಚೂರೊಂದನ್ನು ನೀರಿಗೆ ಹಾಕಿ ಮೂಸಿದ.
'ಕೋಯಿಪ್ಪಾಡಿಯಲ್ಲಿ ದೋಣಿ ಮಗುಚಿ
ಅಪ್ಪನೂ ನಾನೂ ಕೆರೆದು ಎಸೆಯುತ್ತಿದ್ದುದು ಇದನ್ನೇ ಅಲ್ಲವೋ.'
ಅಲ್ಲ, ಇದು ಬೇರೆ ಜಾತಿಯದು ಎಂದೆ ನಾನು, ಟೀಚರಲ್ಲವೇ.
ಅವನು ಕೇಳಲಿಲ್ಲ. ಅವನ ಮೂಗು
ಆಗಲೇ ಇಪ್ಪತ್ತು ವರ್ಷ ಹಿಂದೆ, ಒದ್ದೆ ಮರಳಿನ ಮೇಲೆ ಕೂತಿತ್ತು.

ಐದನೆಯದು ನಿಂತಿತು.
ಮಿಸ್ರಿಯಾ ಚೂರಿ ಒದ್ದೆ ಮಾಡಿ ಕೊಯ್ದಳು, ಎಂಟು ಬಿಲ್ಲೆ.
ಅಂಚಿನ ಸೊಟ್ಟ ತುಂಡು ಯಾರಿಗೆ ಎಂದು ಜಗಳ.
ಬಾಗಿಲಲ್ಲಿ ನಿಂತ ಅವಳ ಉಮ್ಮ ಮಾತಾಡದೆ
ಉಳಿದ ಬಂಗುಡೆಗೆ ಮೆಣಸು ಅರೆದು
ಕಾವಲಿ ಇಟ್ಟರು.

ಪರಿಮಳಕ್ಕೆ ನಾವೆಲ್ಲ ಆ ಕಡೆ ತಿರುಗಿದಾಗ
ಎರಡನೇ ಕ್ಲಾಸಿನ ಫಿದಾ, ಮಿಸ್ರಿಯಾಳ ಅಣ್ಣನ ಮಗಳು,
ಬಿಲ್ಲೆಯೊಂದನ್ನು ಪೊಟ್ಟಣದ ಪಕ್ಕ ಹಿಡಿದಿದ್ದಳು:
'ಟೀಚರೇ, ಈ ಅಕ್ಷರ ಇದನ್ನು ನೋಡಿಯೇ ಬರೆದದ್ದು.'

ಹೌದು. ಒಳಗಿನಿಂದ ಹೊರಟು
ಒಂದು ಸುತ್ತು ಬಂದು, ಮುಚ್ಚದೆ ಬಿಟ್ಟ ಗೆರೆ.
ಹೇಗೆ ಉಚ್ಚರಿಸುವುದೆಂದು ಅವಳು ಕೇಳಿದಳು.
ಬಾಯಿ ತುಂಬಿತ್ತು ನನಗೆ,
ಬೆರಳಿನಿಂದ ಮೇಜಿನ ಮೇಲೆ
ಅವಳ ಜೊತೆ ತಿದ್ದಿದೆ.