ತುಟಿ ಮಾತ್ರ

ಕ್ರೋಮರಿನಲ್ಲಿ ಆ ಪದವನ್ನು ಆಡುವುದು ತುಟಿಯಲ್ಲಿ ಮಾತ್ರ.
ಐವಿ ಮಾತಿನ ನಡುವೆ ತಟ್ಟನೆ ನಿಂತು
ಹಿಂದೆ ಮುಂದೆ ನೋಡಿ, ದನಿ ಕಳಚಿಟ್ಟು
ಬಾಯನ್ನಷ್ಟೇ ಎರಡು ಸಲ ತೆರೆಯುತ್ತಾಳೆ,
ಗಾಜಿನ ತೊಟ್ಟಿಯ ಮೀನಿನ ಹಾಗೆ.
ಕೇಳಿದವಳು ತಲೆಯಾಡಿಸುತ್ತಾಳೆ.
ಹೇಳಿದಂತೆಯೂ ಆಯಿತು, ಹೇಳದಂತೆಯೂ ಆಯಿತು.

ವರ್ನಾ ಕ್ರಾಸ್ಕ್, ನನ್ನ ಪಕ್ಕದ ಮೇಜಿನವಳು,
ಮೂವತ್ತೊಂದು ವರ್ಷ ಏಡಿ ಬಿಡಿಸಿದವಳು.
ಬೆಂದದ್ದನ್ನು ಅಂಗಾತ ಮಲಗಿಸಿ ಹೆಬ್ಬೆರಳು ಒತ್ತಿದರೆ
ಟಕ್ಕೆಂದು ಚಿಪ್ಪು ಬೇರೆ, ಒಡಲು ಬೇರೆ.
ಒಳಗೆ ಬೂದುಬಣ್ಣದ ಮೆತ್ತನೆ ಎಸಳುಗಳು,
ತಿನ್ನಬಾರದ್ದು, ಕಿತ್ತು ಬಕೆಟ್ಟಿಗೆ ಎಸೆಯುವುದು.
ಅವಕ್ಕಿಲ್ಲಿ 'ಸತ್ತವನ ಬೆರಳು' ಎಂದು ಹೆಸರು.
ಇದನ್ನು ಮಾತ್ರ ಎಲ್ಲರೂ ಗಟ್ಟಿಯಾಗಿ ಅನ್ನುತ್ತಾರೆ,
ಮಕ್ಕಳೂ.

ಜನವರಿಯಲ್ಲಿ ನಾರಿಚ್‌ನ ಡಾಕ್ಟರು ಮೊದಲು ಹೇಳಿದ್ದು 'ನೆರಳು'.
'ಯಾರದ್ದು?' ಎಂದು ಕೇಳಿದಳಂತೆ ವರ್ನಾ.
ಮುಂದಿನ ವಾರ ಅದು 'ಬೆಳವಣಿಗೆ'ಯಾಯಿತು.
ಮಗುವಿನದಾಗಿದ್ದರೆ ಬಾಗಿಲ ಚೌಕಟ್ಟಿಗೆ
ಪೆನ್ಸಿಲ್ ಗೆರೆ ಎಳೆಯುತ್ತಿದ್ದೆವು.
ಆಮೇಲೆ ಗಂಟು. ಆಮೇಲೆ 'ಆ ಇನ್ನೊಂದು'.
ನರ್ಸಿನ ಬಾಯಲ್ಲಿ 'ನಿಮ್ಮ ಪಯಣ'.
'ಬಸ್ಸು ಹತ್ತಿ ಹೋಗಿ ಬರುತ್ತೇನೆ, ವಾಂತಿ ಮಾಡುತ್ತೇನೆ,
ಅದಕ್ಕೆ ಪಯಣ ಅನ್ನಬೇಕಂತೆ ಕಣೇ!'

ಕಟುಕನ ಅಂಗಡಿಯ ಸಾಲಿನಲ್ಲಿ 'ಬಿಗ್ ಸೀ'.
ಆ ಅಕ್ಷರಕ್ಕೂ ಕಡಲಿಗೂ ಇವರ ನಾಲಗೆಯಲ್ಲಿ ಒಂದೇ ಸದ್ದು.
ಸಾಲಿನಲ್ಲೇ ಇದ್ದ ಅವಳ ಗಂಡ ಹೆಡ್ಲಿ,
ದೋಣಿಯ ಎಂಜಿನ್ನಿಗೆ ಎರಡೂ ಕಿವಿ ತೆತ್ತವನು,
ಕಿಟಕಿಯಾಚೆ ನೋಡಿ ಅಂದ:
'ಹೌದು, ದೊಡ್ಡದೇ. ನಾಳೆ ದೋಣಿ ಇಳಿಸುವುದಿಲ್ಲ.'
ಎಲ್ಲರೂ ಮಾಂಸದ ಕಡೆ ನೋಡಿದೆವು.

ಅವನ ದೋಣಿಯಲ್ಲಿ ಹಂದಿ ಎನ್ನುವ ಹಾಗಿಲ್ಲ.
ಹೆಸರೆತ್ತಿದರೆ ಗಾಳಿ ಏಳುತ್ತದೆ.
ನಲವತ್ತು ವರ್ಷ ಹಂದಿ ಅನ್ನದೆ ದಡ ಮುಟ್ಟಿದವನಿಗೆ
ಇದನ್ನೂ ಅನ್ನದೆ ದಾಟಿಸಬಹುದು ಎಂದಿತ್ತೋ ಏನೋ.
ಇಲ್ಲ, ಅವನಿಗೆ ಗೊತ್ತೇ ಇಲ್ಲ,
ಪಾಪದ ಕಿವುಡ, ಎಂದುಕೊಂಡೆವು ನಾವು.

ಒಂದು ಬೆಳಗ್ಗೆ ಶೆಡ್ಡಿನ ರೇಡಿಯೋದಲ್ಲಿ ಯಾರೋ ಮಂತ್ರಿ,
'ಕಳ್ಳತನ ಈ ಸಮಾಜದ ಕ್ಯಾನ್ಸರ್' ಎಂದ,
ಎದೆ ತುಂಬಿ, ಒಂದಕ್ಷರವೂ ನುಂಗದೆ.
ವರ್ನಾ ಚಾಕು ಕೆಳಗಿಟ್ಟಳು.
ತನ್ನ ಬಾಣಲೆಯನ್ನು ಪಕ್ಕದ ಮನೆಯ ಒಲೆಯ ಮೇಲೆ
ಕಂಡವಳ ಹಾಗಿತ್ತು ಮುಖ.
'ನನ್ನದು ಅದು. ಇವನಿಗೆ ಯಾರು ಕೊಟ್ಟರು?'

ಶನಿವಾರದ ಪೇಪರು ತಂದು ತಾನೇ ಓದಿದಳು.
ಹುಟ್ಟಿದ್ದು ಜುಲೈ ಒಂಬತ್ತು; ಅವಳ ರಾಶಿಗೂ ಇದೇ ಹೆಸರು.
'ಕ್ಯಾನ್ಸರ್: ಈ ವಾರ ಕೈ ಬಿಗಿ ಇರಲಿ.
ದೂರದ ಅತಿಥಿ ಬಂದಾರು.'
ನಗು ಕೆಮ್ಮಾಗುವ ತನಕ ನಕ್ಕಳು.

ಆಗಸ್ಟಿನಲ್ಲಿ ಲೆಸ್ಟರ್ ಕಡೆಯ ಒಬ್ಬ ಹುಡುಗ, ಐಸ್‌ಕ್ರೀಮ್ ಮೂತಿಯವನು,
ಗೋಡೆಯ ಪಟದಲ್ಲಿ ಏಡಿಯ ಕೆಳಗಿದ್ದ ಲ್ಯಾಟಿನ್ ಹೆಸರನ್ನು
ಅಕ್ಷರ ಕೂಡಿಸಿ ಕೂಗಿ ಓದಿದ:
'ಕ್ಯಾನ್-ಸರ್.'
ಒಂಬತ್ತು ಮೇಜುಗಳ ಚಾಕು ನಿಂತವು.
ವರ್ನಾ ತಲೆಯೆತ್ತಿ, 'ಹೌದು ಕಂದ, ಎಂಟು ಪೌಂಡಿಗೊಂದು' ಎಂದಳು.

ಸೆಪ್ಟೆಂಬರಿನ ಪೇಪರಿನಲ್ಲಿ ಐವಿ ಬರೆಸಿದ್ದು
'ಅಲ್ಪಕಾಲದ ಅಸೌಖ್ಯದ ನಂತರ'.
ಹೋರಾಟ ಗೀರಾಟ ಹಾಕಬೇಡಿ, ನಾನು ಯಾರಿಗೂ ಹೊಡೆದಿಲ್ಲ,
ಎಂದು ಮೊದಲೇ ತಾಕೀತಾಗಿತ್ತು.

ಮಣ್ಣು ಮಾಡಿ ಬಂದ ಸಂಜೆ, ಹ್ಯಾಮ್ ಸ್ಯಾಂಡ್‌ವಿಚ್ಚಿನ ತಟ್ಟೆ ಹಿಡಿದು
ಹೆಡ್ಲಿಯ ಪಕ್ಕ ಕೂತೆ. ಕೋಣೆಯ ಆ ಮೂಲೆಯಲ್ಲಿ
ಐವಿ ಯಾರಿಗೋ ಹೇಳುತ್ತಿದ್ದಳು;
ತಟ್ಟನೆ ನಿಂತಳು, ಬಾಯಿ ಎರಡು ಸಲ ತೆರೆಯಿತು.
ಹೆಡ್ಲಿ ಅವಳನ್ನೇ ನೋಡುತ್ತಿದ್ದ.
'ಹನ್ನೊಂದು ವರ್ಷವಾಯಿತು, ನಾನು ಕೇಳುವುದು ತುಟಿಯಿಂದ' ಎಂದ,
ಕಿವುಡರ ಗಟ್ಟಿ ದನಿಯಲ್ಲಿ, ಇಡೀ ಕೋಣೆಗೆ.
'ಉಳಿದದ್ದೆಲ್ಲ ಗೊಜಗೊಜ.
ಐವಿ ಅಷ್ಟು ಬಿಡಿಸಿ ಆಡುವುದು
ಅದೊಂದೇ ಪದವನ್ನು.'