ಕೈಕಂಬದಲ್ಲಿ ಕೊಂಡ ಕಾರು

ಟರ್ಬೊ ಜಪಾನಿನದು, ಸ್ಪ್ರಿಂಗು ತಗ್ಗಿಸಿದ್ದು,
ಸೈಲೆನ್ಸರಿನ ಬಾಯಲ್ಲಿ ನನ್ನ ಮುಷ್ಟಿ ಹಿಡಿಸುತ್ತದೆ.
"ಕಂಪೆನಿಯದು ಅಂತ ಉಳಿದದ್ದೇನು?"
ನವಾಫ್ ತಲೆ ಕೆರೆದು
ಹಿಂಬಾಗಿಲಿನ ನೆಗ್ಗು ಸವರಿದ:
"ಇದೂ ನನ್ನದೇ. ಬಂದ್ಯೋಡಿನ ತಿರುವು."

ಗೋಣಿ ಸುತ್ತಿದ ಹಳೆ ಸೈಲೆನ್ಸರು ಡಿಕ್ಕಿಗಿಟ್ಟ:
ಟೆಸ್ಟಿನ ದಿನ ಹಾಕಿ, ಮರುದಿನ ಬಿಚ್ಚಿ.
ಆರು ಲಕ್ಷ ಹತ್ತು.
ಎಣಿಸುವಾಗಲೂ ಅವನ ಕಿವಿ ಒಳಕೋಣೆಯತ್ತ.

ಚಾವಿ ತಿರುಗಿಸಹೋದರೆ ಕೈ ಹಿಡಿದ.
"ಇಲ್ಲಿ ಬೇಡ ಮಾರಾಯ್ರೆ,
ಈಗಷ್ಟೇ ಮಲಗಿದ್ದಾಳೆ.
ನಲವತ್ತೊಂದು ದಿನ."

ನ್ಯೂಟ್ರಲ್ಲಿಗೆ ಹಾಕಿ
ಇನ್ನೂರು ಕುದುರೆಗಳನ್ನು
ನಾವಿಬ್ಬರೂ ಚಪ್ಪಲಿ ಕಳಚಿ ತಳ್ಳಿದೆವು,
ಅಂಗಳ, ಓಣಿ, ಮದ್ರಸದ ಗೋಡೆ,
ರೈಲ್ವೆ ಗೇಟಿನವರೆಗೆ.

ಬಾನೆಟ್ಟಿನ ಮೇಲೆ ಅಂಗೈ ಊರಿ
"ಇನ್ನು ರೇಸು ಕೊಡಿ" ಅಂದ.
ಕೊಟ್ಟೆ.

ಅವನು ಮನೆಯ ಕಡೆಗೇ ನೋಡುತ್ತಿದ್ದ.