ಲಾಟೀನು ಹಿಡಿದವನು

ಮೂವತ್ತೊಂದು ವರ್ಷ ಆಟ ನಡೆಸಿದವನಿಗೆ
ಸ್ವಂತದ್ದೊಂದು ಪಾತ್ರ ಇರುವುದಿಲ್ಲ.
ಛತ್ರದ ಯಜಮಾನ ನಾನೇ, ಅವನ ಜಗಳಗಂಟಿ ಅತ್ತೆಯೂ,
ಸೇತುವೆಯ ಕೆಳಗೆ ಸುಂಕ ಕೇಳುವ ರಕ್ಕಸನೂ,
ಅವನು ತಿಂದ ಕುದುರೆಯೂ.
ಫೋನೆತ್ತಿ ಹಲೋ ಅಂದರೆ ಹೆಂಡತಿ
ಈಗ ಯಾರು ಮಾತಾಡುತ್ತಿರುವುದು ಅನ್ನುತ್ತಾಳೆ.

ಗುರುವಾರ ಸಂಜೆ. ಗ್ಲಾಸ್ಗೋ, ಗೋವನ್ ಬೀದಿ,
ಮೀನು ಕರಿಯುವ ಅಂಗಡಿಯ ಮೇಲಿನ ಕೋಣೆ.
ಎಣ್ಣೆಯ ವಾಸನೆ ಮೆಟ್ಟಿಲು ಹತ್ತಿ ಬಂದು
ನಕ್ಷೆಗಳಲ್ಲಿ ಕೂತುಬಿಟ್ಟಿದೆ;
ನಮ್ಮ ಎಷ್ಟೋ ರಾಜ್ಯಗಳ ಗಡಿ ಬರೀ ಜಿಡ್ಡು.

ಫಾರ್ಕರ್, ಶಾಲೆಯ ಜವಾನ,
ಬೆರಳು ಒಂದೊಂದೂ ಕೊಡಲಿಯ ಕಾವು.
ಇಪ್ಪತ್ತೆರಡು ವರ್ಷದಿಂದ ಅವನು
ಚೂಪುಗಿವಿಯ ಕಿನ್ನರಿ ರಾಜಕುಮಾರಿ.
ನಗುವುದನ್ನು ಮೊದಲ ತಿಂಗಳಲ್ಲೇ ಬಿಟ್ಟೆವು.
ಇಮ್ತಿಯಾಜನ ಯೋಧ ಸುಳ್ಳಾಡೆನೆಂದು ಆಣೆಯಿಟ್ಟವನು,
ಹಾಗಾಗಿ ಕಾವಲಿನವರು ಪ್ರಶ್ನೆ ಕೇಳಿದಾಗಲೆಲ್ಲ
ಅವನ ಬಾಯಿಗೆ ರೊಟ್ಟಿ ತುರುಕುವುದು ಪದ್ಧತಿ.
ಸೆಂಗಾ, ಸುರಂಗರೈಲಿನ ಟಿಕೆಟ್ ಕಿಟಕಿಯವಳು,
ಇಲ್ಲಿ ಕಳ್ಳಿ:
ಬೀಗ ಮುರಿಯುವ ಮೊದಲು ಬಾಗಿಲು ತಟ್ಟುವ ಕಳ್ಳಿ.

ಗವಿಯ ಬಾಯಲ್ಲಿ ನಿಂತು ಕೇಳಿದರು:
ಎರಡು ಬೆಳ್ಳಿ ನಾಣ್ಯಕ್ಕೆ
ಲಾಟೀನು ಹಿಡಿಯುವ ಆಳೊಬ್ಬ ಸಿಕ್ಕಾನೆಯೆ?
ಸಿಕ್ಕಾನು, ಎಂದೆ.
ಹೆಸರು?
ಆಳಿಗೆ ಯಾರು ಹೆಸರು ಬರೆದಿಟ್ಟುಕೊಂಡಿರುತ್ತಾರೆ!
ಎದುರಿಗಿತ್ತು ವಿನೆಗರ್ ಶೀಸೆ.
ಬಾಲದಿಂದ ಓದಿದೆ: ರಗನೆವಿ.
ಸೆಂಗಾ ಒಬ್ಬಳೇ ನಕ್ಕಳು.
ಅಗ್ನೆಸ್ ಎಂಬ ಅಜ್ಜಿಯ ಹೆಸರನ್ನು ತಿರುವಿ ಹಾಕಿ
ಅವಳನ್ನು ಕರೆದದ್ದಂತೆ.
ನಮ್ಮ ಕುಲದವನೇ, ಅಂದಳು.

ಕತ್ತಲೆಂದರೆ ಹೆದರಿ ಸಾಯುವವನು ಈ ರಗನೆವಿ.
ಮತ್ತೇಕೆ ಈ ಕೆಲಸ?
'ಲಾಟೀನು ಹಿಡಿದವನ ಹತ್ತಿರ
ಬೆಳಕು ಇದ್ದೇ ಇರುತ್ತದಲ್ಲ, ತಾಯಿ.'
ಆ ದನಿಯನ್ನು ನಾನು ತಯಾರು ಮಾಡಿಕೊಂಡಿರಲಿಲ್ಲ.
ಎಲ್ಲಿತ್ತೋ, ಬಂತು.

ರಾಜಕುಮಾರಿ ಅವನಿಗೆ ತನ್ನ ಕೈಗವಸು ಕೊಟ್ಟಳು.
ಊಟವಾಯಿತೆ ಎಂದು ಇಮ್ತಿಯಾಜ್ ದಿನಾ ವಿಚಾರಿಸಿದ.
ಹನ್ನೊಂದು ಗುರುವಾರ.
ನಿಧಿ ಎಲ್ಲಿ ಎಂಬುದೇ ಮರೆತುಹೋಗಿತ್ತು.

ಆಮೇಲೆ ಗವಿಯ ಮಾಡು ಕುಸಿಯಿತು.
ರಟ್ಟಿನ ಮರೆಯಲ್ಲಿ ದಾಳ ಉರುಳಿಸಿದೆ,
ಇಪ್ಪತ್ತು ಮುಖದ್ದು. ಉರುಳಿತು, ತಡೆಯಿತು, ನಿಂತಿತು.
ಒಂದು.

ಅರಸರನ್ನು ಕೊಂದಿದ್ದೇನೆ ಇದೇ ದಾಳದಲ್ಲಿ,
ಮದುವೆಯ ದಿಬ್ಬಣ ಪೂರ್ತಿ ಹೊಳೆ ಪಾಲು ಮಾಡಿದ್ದೇನೆ,
ಗರ ಬಿದ್ದಂತೆ ಹೇಳಿದ್ದೇನೆ, ಕೂದಲಷ್ಟೂ ಕೂಡಿಸದೆ.
ಹದಿನಾಲ್ಕು, ಎಂದೆ.

ಫಾರ್ಕರ್ ಉಸಿರು ಬಿಟ್ಟದ್ದು ಕೆಳಗಿನ ಅಂಗಡಿಗೂ ಕೇಳಿಸಿರಬೇಕು.
ಸೆಂಗಾ ನನ್ನ ಮುಖ ನೋಡುತ್ತಿರಲಿಲ್ಲ.
ನನ್ನ ಹೆಗಲ ಮೇಲಿಂದ, ಹಿಂದಕ್ಕೆ ನೋಡುತ್ತಿದ್ದಳು.

ಹಿಂದೆ ಕಿಟಕಿ.
ಡಿಸೆಂಬರಿನಲ್ಲಿ ಇಲ್ಲಿ ನಾಲ್ಕಕ್ಕೇ ಕತ್ತಲು;
ಗಾಜು ಕಪ್ಪಾಗಿ, ತಲೆಯ ಮೇಲೆ ದೀಪ,
ನನ್ನ ಮರೆಯ ಒಳಮೈಯೆಲ್ಲ ಅದರಲ್ಲಿ ಬಿಚ್ಚಿ ಬಿದ್ದಿತ್ತು.
ಕನ್ನಡಿಯಲ್ಲಿ ಅಂಕಿ ತಿರುವುಮುರುವು, ನಿಜ.
ತಿರುವಿದ್ದನ್ನು ಓದುವುದು
ಅವಳಿಗೆ ಯಾರು ಕಲಿಸಬೇಕು?

ಮನೆಗೆ ಹೋಗುವ ದಾರಿಯಲ್ಲಿ ಲೆಕ್ಕ ಹಾಕಿದೆ.
ಅದೇ ಕುರ್ಚಿ, ಹತ್ತೊಂಬತ್ತು ಚಳಿಗಾಲ.
ವಿಷದ ಪೆಟ್ಟಿಗೆಯ ಮುಚ್ಚಳ ತೆಗೆದಿದ್ದಳಲ್ಲ,
ಕೊಳೆತ ಹಲಗೆಯ ಮೇಲೆ ಕಾಲಿಟ್ಟಿದ್ದಳಲ್ಲ,
ಎಲ್ಲ ನೋಡಿಯೇ?
ಬಾಗಿಲು ತಟ್ಟಿಯೇ?

ಮುಂದಿನ ಗುರುವಾರ ಕೋಟು ಕಳಚುವ ಮೊದಲೇ
ಹೋಗಿ ಪರದೆ ಎಳೆದಳು.
ಚಳಿ, ಅಂದಳು.
ಅಂದಿನಿಂದ ಪ್ರತಿ ವಾರ ಎಳೆಯುತ್ತಾಳೆ,
ಒಂಬತ್ತು ವರ್ಷವಾಯಿತು, ಜೂನ್ ತಿಂಗಳಲ್ಲೂ,
ಹೊರಗೆ ಹತ್ತು ಗಂಟೆಯವರೆಗೆ ಬಿಸಿಲಿರುವಾಗಲೂ.

ಹೊಸಬರು ಬಂದರೆ ನನ್ನನ್ನು ಕೇಳುತ್ತಾರೆ,
ಇಷ್ಟು ಜನರಲ್ಲಿ ನಿನ್ನ ಮೆಚ್ಚಿನವರು ಯಾರು?
ಡ್ರಾಗನ್ ಅನ್ನಲಿ ಎಂದು ಅವರಿಗೆ ಆಸೆ.
ದಾಳವನ್ನು ಅಂಗೈಯಲ್ಲಿ ಕುಲುಕುತ್ತಾ
ಎಣ್ಣೆ ಸಾಕಷ್ಟಿದೆಯೇ ನೋಡಿಕೊಳ್ಳಿ, ಅನ್ನುತ್ತೇನೆ.